ಹೊರದೇಶದ ಟೈಲರ್ ಹತ್ತಿರ ಸೂಟು ಹೊಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊರದೇಶದ ಟೈಲರ್‌ಗೆ ಅಳತೆ ಕಳಿಸಿ ಸೂಟು ಹೊಲಿಸುವುದು ಈಗ ಸುಲಭ. ಮೈಗೆ ಸರಿಯಾಗಿ ಕೂರುವ ಸೂಟು ಹೊಲಿಸುವುದು ಮಾತ್ರ ಅಷ್ಟು ಸುಲಭವಲ್ಲ. ಆ ಟೈಲರ್ ನಿಮ್ಮನ್ನು ಕಣ್ಣಾರೆ ನೋಡಿರುವುದಿಲ್ಲ. ನಿಮ್ಮ ಬಲಭುಜ ಎಷ್ಟು ಇಳಿದಿದೆ, ಬೆನ್ನು ಎಷ್ಟು ಬಾಗಿದೆ ಅನ್ನುವುದು ಅವರಿಗೆ ನೀವು ಹೇಳಿದರಷ್ಟೇ ಗೊತ್ತಾಗುವುದು. ನಾನು ಹಲವು ವರ್ಷಗಳಿಂದ ಹೀಗೆ ಹೊಲಿಸುತ್ತಿದ್ದೇನೆ. ಮೊದಲನೆಯ ಸೂಟು ಹಾಕಿಕೊಳ್ಳಲು ಆಗಲಿಲ್ಲ. ಎರಡನೆಯದು ಪರವಾಗಿಲ್ಲ ಅನ್ನುವಂತಿತ್ತು. ಮೂರನೆಯದನ್ನು ಇವತ್ತಿಗೂ ಇಷ್ಟಪಟ್ಟು ಹಾಕುತ್ತೇನೆ. ಗೆಳೆಯರು ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು ಇಲ್ಲಿವೆ.

ಹತ್ತಿರದಲ್ಲೇ ಟೈಲರ್ ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು?

ಹತ್ತಿರದ ಟೈಲರ್ ಕೋಟು ಚೆನ್ನಾಗಿ ಹೊಲಿಯುತ್ತಾರೆ ಅಂದರೆ ಹೋಗಲೇಬೇಡಿ. ಮೈ ಮೇಲೆ ಹಾಕಿ ನೋಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಲ್ಲೇ ತಿದ್ದುವ ಕೈಗೆ ಸಮ ಬೇರೆ ಯಾವುದೂ ಇಲ್ಲ.

ಆದರೆ ಶರ್ಟು, ಪ್ಯಾಂಟು ಚೆನ್ನಾಗಿ ಹೊಲಿಯುವವರೆಲ್ಲ ಕೋಟು ಹೊಲಿಯುತ್ತಾರೆ ಅಂತ ಇಲ್ಲ. ಕೋಟಿನ ಕೆಲಸವೇ ಬೇರೆ. ಚಪ್ಪಟೆ ಬಟ್ಟೆಯನ್ನು ಇಸ್ತ್ರಿ, ಹಬೆ, ಕೈಹೊಲಿಗೆಗಳಿಂದ ಬಗ್ಗಿಸಿ ಎದೆ, ಭುಜಗಳ ಆಕಾರಕ್ಕೆ ತರಬೇಕು. ಅದನ್ನು ಬಲ್ಲವರು ಎಲ್ಲ ಕಡೆ ಸಿಗುವುದಿಲ್ಲ. ಕೆಲವರು ಬಟ್ಟೆಯ ಆಯ್ಕೆ ಜಾಸ್ತಿ ಸಿಗುತ್ತದೆ ಅಂತ ಹೊರಗೆ ಹೋಗುತ್ತಾರೆ. ಕೆಲವರಿಗೆ ಒಂದು ಊರಿನ ಶೈಲಿಯೇ ಇಷ್ಟ. ಬೆಲೆ ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಹೋಗುವುದಾದರೆ ಸಾಗಣೆ, ಸುಂಕ, ಬಂದ ಮೇಲೆ ಆಲ್ಟ್ರೇಷನ್ ಎಲ್ಲ ಕೂಡಿಸಿ ನೋಡಿ. ಉಳಿತಾಯ ಅಂದುಕೊಂಡದ್ದು ಎಷ್ಟೋ ಸಲ ಅಲ್ಲೇ ಕರಗುತ್ತದೆ.

ಯಾವ ಯಾವ ಊರುಗಳು ಇದಕ್ಕೆ ಹೆಸರುವಾಸಿ?

ಲಂಡನ್ನಿನ ಸ್ಯಾವಿಲ್ ರೋ ಬೀದಿ ಎಲ್ಲರಿಗೂ ಗೊತ್ತಿರುವ ಹೆಸರು. ಅಲ್ಲಿ ಒಂದು ಸೂಟಿಗೆ ಕಡಿಮೆಯೆಂದರೂ 50 ಗಂಟೆಯ ಕೈಕೆಲಸ ಇರುತ್ತದೆ. ಇಟಲಿಯ ನೇಪಲ್ಸ್ ಮೆತ್ತನೆಯ, ದಪ್ಪ ಪ್ಯಾಡ್ ಇಲ್ಲದ ಭುಜಕ್ಕೆ ಹೆಸರಾಗಿದೆ. ಹಾಂಗ್‌ಕಾಂಗ್‌ನ ಕತೆ ಬೇರೆ. 1949ರ ಆಸುಪಾಸಿನಲ್ಲಿ ಶಾಂಘೈ ಬಿಟ್ಟು ಬಂದ ದರ್ಜಿಗಳು ತಮ್ಮ ಕಸುಬನ್ನು ಅಲ್ಲಿಗೆ ತಂದರು. ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳ ಕಾಲದಲ್ಲಿ ರಜೆಗೆ ಬಂದ ಅಮೆರಿಕನ್ ಸೈನಿಕರಿಂದ ವ್ಯಾಪಾರ ಬೆಳೆಯಿತು. 24 ಗಂಟೆಯ ಸೂಟು ಅನ್ನುವ ಮಾತೂ ಅಲ್ಲಿಯದೇ. ಕೌಲೂನಿನ ಚಿಮ್ ಶಾ ಚುಯ್ ಭಾಗದಲ್ಲಿ ಸಿಂಧಿ ಮನೆತನಗಳ ಅಂಗಡಿಗಳೂ ಬಹಳ ಇವೆ. ಬ್ಯಾಂಕಾಕ್‌ನ ಸುಖುಮ್ವಿತ್ ರಸ್ತೆ, ವಿಯೆಟ್ನಾಮಿನ ಹೊಯ್ ಆನ್ ಪಟ್ಟಣ ಪ್ರವಾಸಿಗರಿಗೆ ಬೇಗ ಹೊಲಿದುಕೊಡುವ ಜಾಗಗಳು.

ಆದರೆ ಊರಿನ ಹೆಸರು ಸೂಟು ಹೊಲಿಯುವುದಿಲ್ಲ, ಅಲ್ವಾ? ಒಂದೇ ಬೀದಿಯಲ್ಲಿ ಅತ್ಯುತ್ತಮ ಟೈಲರ್ ಕೂಡ ಇರುತ್ತಾರೆ, ಬರೀ ಕಮಿಷನ್‌ಗೆ ಗಿರಾಕಿ ಹಿಡಿಯುವವರೂ ಇರುತ್ತಾರೆ. ಕತ್ತರಿಸುವುದು ಯಾರು, ಹೊಲಿಯುವುದು ಎಲ್ಲಿ ಅಂತ ನೇರವಾಗಿ ಕೇಳಿ. ಕೆಲಸ ಬಲ್ಲವರು ಇದಕ್ಕೆ ಸಂತೋಷದಿಂದ ಉತ್ತರ ಕೊಡುತ್ತಾರೆ.

ಬಿಸ್ಪೋಕ್, ಮೇಡ್ ಟು ಮೆಷರ್ ಎರಡೂ ಒಂದೇನಾ?

ಅಲ್ಲ. ಬಿಸ್ಪೋಕ್ ಅಂದರೆ ನಿಮ್ಮೊಬ್ಬರಿಗಾಗಿಯೇ ಕಾಗದದ ಮೇಲೆ ಹೊಸ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಬರೆದು, ಬಟ್ಟೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಎರಡು ಮೂರು ಸಲ ಟ್ರಯಲ್ ನೋಡಿ ಮುಗಿಸುವುದು. ಮೇಡ್ ಟು ಮೆಷರ್‌ನಲ್ಲಿ ಮೊದಲೇ ಇರುವ ಪ್ಯಾಟರ್ನ್ ಒಂದನ್ನು ನಿಮ್ಮ ಅಳತೆಗೆ ತಕ್ಕಂತೆ ಹಿಗ್ಗಿಸಿ, ಕುಗ್ಗಿಸಿ, ಫ್ಯಾಕ್ಟರಿಯಲ್ಲಿ ಹೊಲಿಯುತ್ತಾರೆ.

ಅಳತೆ ಕಳಿಸಿ ತರಿಸುವ ಸೂಟುಗಳಲ್ಲಿ ಹೆಚ್ಚಿನವು ಎರಡನೆಯ ಬಗೆಯವು, ಮೇಲೆ ಹೆಸರು ಏನೇ ಬರೆದಿರಲಿ. ಅದರಲ್ಲಿ ಕೀಳು ಅನ್ನುವಂಥದ್ದು ಏನೂ ಇಲ್ಲ. ಮೈಕಟ್ಟು ಸಾಧಾರಣವಾಗಿದ್ದರೆ ಒಳ್ಳೆಯ ಮೇಡ್ ಟು ಮೆಷರ್ ಸೂಟು ಸೊಗಸಾಗಿಯೇ ಕೂರುತ್ತದೆ. ಟ್ರಯಲ್ ಇಲ್ಲದ ಬಿಸ್ಪೋಕ್ ಅಂತ ಯಾರಾದರೂ ಮಾರಿದರೆ ಮಾತ್ರ ಹುಷಾರಾಗಿರಿ. ಟ್ರಯಲ್ ಇಲ್ಲದಿದ್ದರೆ ಆ ಮಾತಿಗೆ ಅರ್ಥವಿಲ್ಲ.

ಟ್ರಯಲ್ ನೋಡದೆ ಫಿಟ್ಟಿಂಗ್ ಸರಿ ಬರುತ್ತದಾ?

ಮೊದಲ ಸಲವೇ ನೂರಕ್ಕೆ ನೂರು ಬರುವುದಿಲ್ಲ. ಹಾಗೆ ಬರುತ್ತದೆ ಅಂತ ಯಾರು ಹೇಳಿದರೂ ನಂಬಬೇಡಿ. ಆದರೆ ಹತ್ತಿರ ಬರಲು ದಾರಿಗಳಿವೆ.

ಎಲ್ಲಕ್ಕಿಂತ ಒಳ್ಳೆಯದು ಊರೂರು ತಿರುಗುವ ಟೈಲರ್. ಲಂಡನ್, ಹಾಂಗ್‌ಕಾಂಗ್‌ಗಳ ಎಷ್ಟೋ ಟೈಲರ್‌ಗಳು ವರ್ಷಕ್ಕೆ ಕೆಲವು ಸಲ ಬೇರೆ ದೇಶಗಳಿಗೆ ಹೋಗಿ, ಹೋಟೆಲಿನ ರೂಮಿನಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ. ಮುಂದಿನ ಸಲ ಬಂದಾಗ ಟ್ರಯಲ್. ನಿಧಾನವಾಗುತ್ತದೆ, ನಿಜ. ಆದರೂ ಬಟ್ಟೆ ಕತ್ತರಿಸುವ ಕಟ್ಟರ್ ನಿಮ್ಮನ್ನು ನೋಡಿದಂತಾಯಿತು. ಎರಡನೆಯ ದಾರಿ ಟ್ರಯಲ್ ಕೋಟು. ಕೆಲವರು ಅಗ್ಗದ ಬಟ್ಟೆಯಲ್ಲಿ ಒಂದು ಕೋಟು ಹೊಲಿದು ಕಳಿಸುತ್ತಾರೆ. ನೀವು ಹಾಕಿಕೊಂಡು ಫೋಟೋ ಕಳಿಸಿದ ಮೇಲೆ ನಿಜವಾದ ಬಟ್ಟೆಗೆ ಕತ್ತರಿ ಹಾಕುತ್ತಾರೆ. ಇದಕ್ಕೆ ಸ್ವಲ್ಪ ಹೆಚ್ಚು ಹಣ ಕೇಳಿದರೂ ಕೊಡಿ. ನನ್ನ ಲೆಕ್ಕದಲ್ಲಿ ದುಬಾರಿ ಬಟ್ಟೆಗಿಂತ ಇದಕ್ಕೆ ಕೊಟ್ಟ ಹಣ ಸಾರ್ಥಕ. ಇವೆರಡೂ ಇಲ್ಲದಿದ್ದರೆ ಉಳಿಯುವುದು ಅಳತೆ ಮತ್ತು ಫೋಟೋ ಮಾತ್ರ.

ಅಳತೆ ಹೇಗೆ ತೆಗೆಯಬೇಕು?

ಇದಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಪೂರ್ತಿ ಸೂಟು ನಿಂತಿರುವುದು ಇದರ ಮೇಲೆ.

ನಿಮ್ಮ ಅಳತೆಯನ್ನು ನೀವೇ ತೆಗೆದುಕೊಳ್ಳಬೇಡಿ. ಕೈ ಎತ್ತಿದ ಕೂಡಲೇ ಭುಜ, ಎದೆ ಎರಡೂ ಬದಲಾಗುತ್ತವೆ. ಅಳೆಯುವ ಕೈ ಬೇರೆಯವರದ್ದಾಗಿರಲಿ. ಹತ್ತಿರದ ಟೈಲರ್‌ಗೆ ಹಣ ಕೊಟ್ಟು ಅಳೆಸಿದರೆ ಇನ್ನೂ ಒಳ್ಳೆಯದು, ಆದರೆ ಹೊಲಿಯುವವರು ಕಳಿಸಿದ ಚಿತ್ರ ತೋರಿಸಿ, ಅದರಂತೆಯೇ ಅಳೆಯಲು ಹೇಳಿ. ಒಬ್ಬೊಬ್ಬ ಟೈಲರ್ ಅಳೆಯುವ ರೀತಿ ಒಂದೊಂದು. ಸೊಂಟ ಅಂದರೆ ಒಬ್ಬರಿಗೆ ಹೊಕ್ಕಳಿನ ಹತ್ತಿರ, ಇನ್ನೊಬ್ಬರಿಗೆ ಬೆಲ್ಟ್ ಕಟ್ಟುವ ಜಾಗ.

ತೆಳುವಾದ ಶರ್ಟು ಹಾಕಿ. ಜೇಬು ಖಾಲಿ ಇರಲಿ. ಯಾವಾಗಲೂ ಹಾಕುವ ಶೂ ಕಾಲಿನಲ್ಲಿರಲಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಎದೆ ಉಬ್ಬಿಸಬೇಡಿ, ಸುಮ್ನೆ ನಿಂತುಕೊಳ್ಳಿ. ಎದೆ ಅಳೆಯುವಾಗ ಟೇಪು ಕಂಕುಳ ಕೆಳಗೆ, ಎದೆಯ ತುಂಬಿದ ಭಾಗದ ಮೇಲೆ ಹಾದು, ಬೆನ್ನಿನಲ್ಲಿ ಜಾರದೆ ನೆಲಕ್ಕೆ ಸಮವಾಗಿರಬೇಕು. ತೋಳುಗಳನ್ನು ಎರಡೂ ಬೇರೆ ಬೇರೆಯಾಗಿ ಅಳೆಯಿರಿ, ಯಾಕೆಂದರೆ ಎಷ್ಟೋ ಜನರಿಗೆ ಒಂದು ಕೈಯಿಂದ ಇನ್ನೊಂದಕ್ಕೆ 1 ಸೆಂಟಿಮೀಟರ್‌ವರೆಗೂ ವ್ಯತ್ಯಾಸ ಇರುತ್ತದೆ. ಕೋಟಿನ ಉದ್ದವನ್ನು ಕತ್ತಿನ ಹಿಂದೆ ಬುಡದಲ್ಲಿ ಕೈಗೆ ಸಿಗುವ ಮೂಳೆಯಿಂದ ಶುರು ಮಾಡಿ. ಪ್ಯಾಂಟಿಗೆ ಸೊಂಟ, ಸೀಟು, ತೊಡೆ, ಮೊಣಕಾಲು, ಬಾಟಮ್ ಅಷ್ಟೇ ಸಾಲದು. ಮುಂದಿನ ಸೊಂಟಪಟ್ಟಿಯಿಂದ ಕಾಲುಗಳ ನಡುವೆ ಹಾದು ಹಿಂದಿನ ಸೊಂಟಪಟ್ಟಿಯವರೆಗಿನ ಅಳತೆಯೂ ಬೇಕು. ಇದನ್ನು ಬಿಟ್ಟರೆ ಕೂತಾಗ ಪ್ಯಾಂಟು ಹಿಡಿಯುತ್ತದೆ.

ಪ್ರತಿ ಅಳತೆಯನ್ನೂ ಮೂರು ಸಲ ತೆಗೆಯಿರಿ. ಮೂರೂ ಬೇರೆ ಬಂದರೆ ನಡುವಿನದನ್ನು ಬರೆಯಿರಿ.

ಸ್ವಲ್ಪ ಲೂಸ್ ಇರಲಿ ಅಂತ ಸೇರಿಸಿ ಬರೆಯಬಹುದಾ?

ಬೇಡವೇ ಬೇಡ. ನನ್ನ ಮೊದಲ ಸೂಟು ಹೋಗಿದ್ದು ಇದರಿಂದಲೇ. ದಪ್ಪ ಶರ್ಟಿನ ಮೇಲೆ ಅಳೆದಿದ್ದೆ. ಅದರ ಮೇಲೆ ಎದೆಗೆ 2 ಇಂಚು ಸೇರಿಸಿದ್ದೆ. ಟೈಲರ್ ತಮ್ಮ ಲೆಕ್ಕದಂತೆ ಮತ್ತೆ ಸಡಿಲ ಸೇರಿಸಿದರು. ಬಂದ ಕೋಟಿನೊಳಗೆ ಇನ್ನೊಬ್ಬರು ಹಿಡಿಸುವಷ್ಟು ಜಾಗ ಇತ್ತು. ಒಳ್ಳೆಯ ಉಣ್ಣೆ ಬಟ್ಟೆ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಮುಗಿದ ಕೋಟಿನ ಎದೆ ಸುತ್ತಳತೆ ಮೈ ಅಳತೆಗಿಂತ ಸಾಮಾನ್ಯವಾಗಿ 8ರಿಂದ 12 ಸೆಂಟಿಮೀಟರ್ ಜಾಸ್ತಿ ಇರುತ್ತದೆ. ಅದನ್ನು ಸೇರಿಸುವುದು ಕಟ್ಟರ್ ಕೆಲಸ. ನೀವು ಮೈ ಅಳತೆ ಮಾತ್ರ ಕೊಡಿ, ಮತ್ತು 'ಇದು ಮೈ ಅಳತೆ, ಬಟ್ಟೆಯ ಅಳತೆಯಲ್ಲ' ಅಂತ ಪತ್ರದಲ್ಲಿ ಬಿಡಿಸಿ ಬರೆಯಿರಿ. ಹಾಗೆಯೇ ಇಂಚಾ, ಸೆಂಟಿಮೀಟರಾ ಅನ್ನುವುದನ್ನು ಪ್ರತಿ ಅಂಕಿಯ ಮುಂದೆಯೂ ಹಾಕಿ. 1 ಇಂಚು ಅಂದರೆ 2.54 ಸೆಂಟಿಮೀಟರ್. ಬದಲಾಯಿಸುವಾಗ ಅದನ್ನು 2.5 ಅಂತ ಹಿಡಿದರೆ 40 ಇಂಚಿನ ಎದೆ 101.6 ಬದಲು 100 ಆಗಿಬಿಡುತ್ತದೆ. ಅಷ್ಟು ಸಾಕು, ಗುಂಡಿ ಹಾಕಿದಾಗ ಎಳೆಯುವುದಕ್ಕೆ.

ಫೋಟೋ ಎಂಥವು ಬೇಕು?

ಮುಂದೆ, ಹಿಂದೆ, ಎರಡೂ ಪಕ್ಕ. ಮೈಗೆ ಅಂಟುವ ಬನಿಯನ್ ಅಥವಾ ಟೀಶರ್ಟು ಹಾಕಿರಿ. ಕ್ಯಾಮೆರಾ ಹೊಕ್ಕಳ ಎತ್ತರದಲ್ಲಿ, ಸುಮಾರು 3 ಮೀಟರ್ ದೂರದಲ್ಲಿರಲಿ. ಎತ್ತರದಿಂದ ತೆಗೆದರೆ ಭುಜ ದೊಡ್ಡದಾಗಿ, ಕಾಲು ಗಿಡ್ಡವಾಗಿ ಕಾಣುತ್ತದೆ. ಹಿಂದೆ ಗೋಡೆಯ ಮೂಲೆಯೋ ಬಾಗಿಲ ಚೌಕಟ್ಟೋ ಇದ್ದರೆ ಒಳ್ಳೆಯದು. ಆ ನೇರ ಗೆರೆಯ ಪಕ್ಕದಲ್ಲಿ ಯಾವ ಭುಜ ಇಳಿದಿದೆ ಅನ್ನುವುದು ತಾನಾಗಿ ಕಾಣುತ್ತದೆ.

ಟೇಪಿಗೆ ಸಿಗದ ವಿಷಯಗಳು ಫೋಟೋದಲ್ಲಿ ಸಿಗುತ್ತವೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರ ತಲೆ ಮುಂದಕ್ಕೆ ಚಾಚಿ, ಬೆನ್ನು ಗುಂಡಾಗಿರುತ್ತದೆ. ಎದೆ ಅಗಲಿಸಿ ನೆಟ್ಟಗೆ ನಿಲ್ಲುವವರಿಗೂ ಇವರಿಗೂ ಎದೆ ಸುತ್ತಳತೆ ಒಂದೇ ಬರಬಹುದು. ಆದರೆ ಒಬ್ಬರಿಗೆ ಕೋಟಿನ ಮುಂಭಾಗ ಉದ್ದ ಬೇಕು, ಇನ್ನೊಬ್ಬರಿಗೆ ಹಿಂಭಾಗ ಉದ್ದ ಬೇಕು. ಹಾಗಾಗಿ ಫೋಟೋಕ್ಕಾಗಿ ಮೈ ಸರಿಮಾಡಿಕೊಂಡು ನಿಲ್ಲಬೇಡಿ. ಬಸ್ಸಿಗೆ ಕಾಯುವಾಗ ಹೇಗೆ ನಿಲ್ಲುತ್ತೀರೋ ಹಾಗೆ ನಿಲ್ಲಿ.

ಚೆನ್ನಾಗಿ ಕೂರುವ ಹಳೆಯ ಕೋಟು ಇದೆ. ಅದನ್ನೇ ಕಳಿಸಿದರೆ?

ಬಹಳ ಒಳ್ಳೆಯದು. ಕಳಿಸುವ ಮೊದಲು ಅದರಲ್ಲಿ ಏನು ಇಷ್ಟ, ಏನು ಇಷ್ಟವಿಲ್ಲ ಅಂತ ಚೀಟಿ ಬರೆದು ಜೊತೆಗಿಡಿ. ಇಲ್ಲದಿದ್ದರೆ ಅದರ ತಪ್ಪುಗಳೂ ಹೊಸ ಕೋಟಿಗೆ ಬರುತ್ತವೆ. ಅದನ್ನು ಹಾಕಿಕೊಂಡ ಫೋಟೋ ಕೂಡ ಕಳಿಸಿ.

ಸೂಪರ್ 100, ಸೂಪರ್ 150 ಅಂದರೆ ಏನು? ಜಾಸ್ತಿ ಇದ್ದಷ್ಟೂ ಒಳ್ಳೆಯದಾ?

ಅದು ಉಣ್ಣೆಯ ಎಳೆ ಎಷ್ಟು ಸಣ್ಣ ಅನ್ನುವುದರ ಅಂಕಿ. ಸೂಪರ್ 100 ಅನ್ನಬೇಕಾದರೆ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಮೀರಬಾರದು. ಅಂಕಿ 10 ಏರಿದಂತೆಲ್ಲ ದಪ್ಪ ಅರ್ಧ ಮೈಕ್ರಾನ್ ಇಳಿಯುತ್ತದೆ. ಸೂಪರ್ 120ಕ್ಕೆ 17.75, ಸೂಪರ್ 150ಕ್ಕೆ 16.25. ಅಂತಾರಾಷ್ಟ್ರೀಯ ಉಣ್ಣೆ ಜವಳಿ ಸಂಘಟನೆ ಇಟ್ಟುಕೊಂಡಿರುವ ಲೆಕ್ಕ ಇದು.

ಎಳೆ ಸಣ್ಣದಾದಷ್ಟೂ ಬಟ್ಟೆ ಮೆತ್ತಗೆ, ಮುಟ್ಟಲು ಹಿತ. ಆದರೆ ಬೇಗ ಸುಕ್ಕಾಗುತ್ತದೆ, ಮೊಣಕೈ, ತೊಡೆಗಳಲ್ಲಿ ಬೇಗ ಸವೆಯುತ್ತದೆ. ಒಂದೇ ಸೂಟನ್ನು ವಾರಕ್ಕೆ ಎರಡು ಮೂರು ಸಲ ಹಾಕುವವರಿಗೆ ಸೂಪರ್ 150 ಸಲ್ಲದು. 100ರಿಂದ 120ರ ಒಳಗಿನದು ಸಾಕು.

ನೀವು ನಿಜವಾಗಿ ಕೇಳಬೇಕಾದ್ದು ಬಟ್ಟೆಯ ತೂಕ. ವರ್ಷದ ಬಹುಪಾಲು ಹಾಕಲು ಮೀಟರಿಗೆ 260ರಿಂದ 300 ಗ್ರಾಂ ಹದವಾಗಿರುತ್ತದೆ. ಇಲ್ಲೊಂದು ಎಡವುವ ಜಾಗ ಇದೆ. ಕೆಲವರು ಉದ್ದ ಮೀಟರಿನ ತೂಕ ಹೇಳುತ್ತಾರೆ, ಕೆಲವರು ಚದರ ಮೀಟರಿನದು. ಸೂಟಿನ ಬಟ್ಟೆ ಸಾಮಾನ್ಯವಾಗಿ 150 ಸೆಂಟಿಮೀಟರ್ ಅಗಲ. ಅಂದರೆ ಉದ್ದ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆ ಚದರ ಮೀಟರಿಗೆ 200 ಗ್ರಾಂ. ಯಾವ ಲೆಕ್ಕ ಅಂತ ಕೇಳಿಕೊಳ್ಳಿ. ಸೆಕೆಗೆ ಅಂತ ತೀರಾ ಹಗುರದ್ದನ್ನು ಆರಿಸಿದರೆ ಅದು ಮೈ ಮೇಲೆ ನಿಲ್ಲದೆ ಸುಕ್ಕುಗಟ್ಟುತ್ತದೆ. ಅದರ ಬದಲು ಸ್ವಲ್ಪ ತೂಕ ಇದ್ದು, ನೇಯ್ಗೆ ಬಿಡಿಬಿಡಿಯಾಗಿರುವ ಬಟ್ಟೆ ಕೇಳಿ. ಗಾಳಿ ಆಡುತ್ತದೆ, ಇಸ್ತ್ರಿಯ ಗೀಟು ಕೆಡುವುದಿಲ್ಲ.

ಬಟ್ಟೆ ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ?

ಒಳ್ಳೆಯ ಉಣ್ಣೆ ಬಟ್ಟೆಗೆ ಇಟಲಿಯ ಬಿಯೆಲ್ಲಾ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಹೆಸರು ಮಾಡಿರುವ ಊರುಗಳು. ಅದಕ್ಕೇ ಆ ಹೆಸರುಗಳ ನಕಲೂ ಜಾಸ್ತಿ. ಒಳಜೇಬಿನ ಲೇಬಲ್ ನೋಡಿ ನಂಬಬೇಡಿ, ಲೇಬಲ್ ಬಿಡಿಯಾಗಿಯೂ ಸಿಗುತ್ತದೆ. ಬಟ್ಟೆಯ ಅಂಚಿನಲ್ಲಿ ಮಿಲ್ಲಿನ ಹೆಸರು ನೇಯ್ದಿರುವ ಫೋಟೋ ಕೇಳಿ. ಸ್ಯಾಂಪಲ್ ಪುಸ್ತಕದಲ್ಲಿನ ಬಟ್ಟೆಯ ನಂಬರು ಕೇಳಿ.

ಸ್ಯಾಂಪಲ್ ತುಂಡುಗಳನ್ನು ಅಂಚೆಯಲ್ಲಿ ತರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಮೊಬೈಲ್ ಪರದೆಯಲ್ಲಿ ಕಂಡ ನೀಲಿಗೂ ಕೈಗೆ ಬಂದ ನೀಲಿಗೂ ಸಂಬಂಧವೇ ಇರುವುದಿಲ್ಲ. ತುಂಡನ್ನು ಕಿಟಕಿಯ ಬೆಳಕಿನಲ್ಲಿ ನೋಡಿ, ಮುಷ್ಟಿಯಲ್ಲಿ ಹಿಂಡಿ ಬಿಡಿ. ಒಂದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಪುಡಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಕ್ಯಾನ್ವಾಸ್ ಕೋಟು, ಪೇಸ್ಟಿಂಗ್ ಕೋಟು ಅಂದರೆ?

ಕೋಟಿನ ಮುಂಭಾಗದಲ್ಲಿ ಮೇಲಿನ ಬಟ್ಟೆಗೂ ಲೈನಿಂಗ್‌ಗೂ ನಡುವೆ ಒಂದು ಪದರ ಇರುತ್ತದೆ. ಎದೆ ಆಕಾರ ನಿಲ್ಲುವುದು ಅದರಿಂದಲೇ. ಹಳೆಯ ಕ್ರಮದಲ್ಲಿ ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸನ್ನು ಸಡಿಲವಾಗಿ ಹೊಲಿದು ಕೂರಿಸುತ್ತಾರೆ. ಹಾಕುತ್ತಾ ಹಾಕುತ್ತಾ ಅದು ನಿಮ್ಮ ಎದೆಗೆ ಹೊಂದಿಕೊಳ್ಳುತ್ತದೆ. ಅಗ್ಗದ ಕ್ರಮದಲ್ಲಿ ಅಂಟು ಸವರಿದ ಪದರವನ್ನು ಬಿಸಿ ಒತ್ತಿ ಅಂಟಿಸಿಬಿಡುತ್ತಾರೆ. ಇದನ್ನೇ ಪೇಸ್ಟಿಂಗ್ ಅನ್ನುವುದು. ಅಂಟು ಕೆಟ್ಟದಾದರೆ ಡ್ರೈಕ್ಲೀನ್ ಆಗುತ್ತಾ ಹೋದಂತೆ ಬಟ್ಟೆಯ ಮೇಲೆ ಗುಳ್ಳೆ ಏಳುತ್ತವೆ. ಅದಕ್ಕೆ ರಿಪೇರಿ ಇಲ್ಲ.

ನಡುವಿನ ದಾರಿ ಅರ್ಧ ಕ್ಯಾನ್ವಾಸ್. ಎದೆಗೆ ಮತ್ತು ಲ್ಯಾಪಲ್‌ಗೆ (ಎದೆಯ ಮೇಲೆ ಮಡಚಿ ಕೂರುವ ಕೋಟಿನ ಅಂಚು) ಕ್ಯಾನ್ವಾಸ್, ಕೆಳಗೆ ಅಂಟು. ಮೊದಲ ಸೂಟಿಗೆ ಇಷ್ಟು ಸಾಕು. ಕೋಟು ಬಂದ ಮೇಲೆ ಕೆಳಗಿನ ಗುಂಡಿಯ ಹತ್ತಿರ ಬಟ್ಟೆ, ಲೈನಿಂಗ್ ಎರಡನ್ನೂ ಚಿವುಟಿ ಹಿಡಿದು ಮೆಲ್ಲಗೆ ಬೇರೆ ಮಾಡಿ. ನಡುವೆ ಮೂರನೆಯ ಪದರ ಬಿಡಿಯಾಗಿ ಕೈಗೆ ಸಿಕ್ಕರೆ ಅಲ್ಲಿಯವರೆಗೂ ಕ್ಯಾನ್ವಾಸ್ ಇದೆ. ಅದೇ ರೀತಿ ಎದೆಯ ಹತ್ತಿರವೂ ನೋಡಿ.

ಲೈನಿಂಗ್ ಬಗ್ಗೆಯೂ ಒಂದು ಮಾತು ಹೇಳಿ. ಏನೂ ಹೇಳದಿದ್ದರೆ ಪಾಲಿಯೆಸ್ಟರ್ ಹಾಕುವುದೇ ಜಾಸ್ತಿ, ಬೆವರು ಕಟ್ಟುತ್ತದೆ. ಹತ್ತಿಯ ನಾರಿನಿಂದ ಮಾಡುವ ಬೆಂಬರ್ಗ್ ಲೈನಿಂಗ್ ಕೇಳಿ.

ಸ್ಟೈಲ್ ಆರಿಸುವಾಗ ಏನು ನೋಡಬೇಕು?

ಮೊದಲ ಸೂಟು ಸಾದಾ ಇರಲಿ. ಕಡು ನೀಲಿ ಅಥವಾ ಬೂದು, ಎರಡು ಗುಂಡಿ. ಚೌಕಳಿ ಬಟ್ಟೆ ಬೇಡ, ಹೊಲಿಗೆ ಸೇರುವ ಕಡೆ ಗೆರೆಗೆ ಗೆರೆ ಕೂರಿಸುವ ಕಷ್ಟ ಬೇರೆ.

ಒಂದು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ತೋಳಿನ ತುದಿಯಲ್ಲಿ ನಿಜವಾಗಿ ಬಿಚ್ಚುವ ಕಾಜಾ ಹಾಕಿಸುವುದು ಎಲ್ಲರಿಗೂ ಆಸೆ. ಮೊದಲ ಸಲ ಬೇಡ. ಕಾಜಾ ಕತ್ತರಿಸಿದ ಮೇಲೆ ತೋಳನ್ನು ತುದಿಯಲ್ಲಿ ಗಿಡ್ಡ ಮಾಡಲು ಆಗುವುದಿಲ್ಲ. ಭುಜದಿಂದ ಬಿಚ್ಚಿ ಮಾಡಬೇಕು. ಅದು ದೊಡ್ಡ ಕೆಲಸ. ತೋಳಿನ ತುದಿ ಹಾಗೇ ಬಿಟ್ಟು ಕಳಿಸಿ ಅಂತ ಬರೆಯಿರಿ. ಸೂಟು ಬಂದ ಮೇಲೆ ಶರ್ಟಿನ ಕಫ್ 1ರಿಂದ 1.5 ಸೆಂಟಿಮೀಟರ್ ಕಾಣುವಂತೆ ಹತ್ತಿರದ ಟೈಲರ್ ಹತ್ತಿರ ಮುಗಿಸಿಕೊಳ್ಳಿ. ಹಾಗೆಯೇ ಸೊಂಟ, ಸೀಟು, ಪಕ್ಕದ ಹೊಲಿಗೆಗಳಲ್ಲಿ ಒಳಗೆ ಬಟ್ಟೆ ಧಾರಾಳವಾಗಿ ಬಿಡಲು ಹೇಳಿ. ಮುಂದೆ ಮೈ ಬಂದರೆ ಬಿಚ್ಚಿ ಹಿಗ್ಗಿಸಬಹುದು.

ಎರಡು ಸೂಟಿನ ಬೆಲೆಗೆ ಮೂರು ಅನ್ನುವ ಆಫರ್ ಇದೆ. ತೆಗೆದುಕೊಳ್ಳಲಾ?

ಬೇಡ. ಪ್ಯಾಟರ್ನ್ ತಪ್ಪಿದ್ದರೆ ಮೂರೂ ತಪ್ಪುತ್ತವೆ. ಮೊದಲು ಒಂದೇ ಸೂಟು. ಇನ್ನೂ ಜಾಗ್ರತೆ ಬೇಕು ಅನ್ನಿಸಿದರೆ ಮೊದಲು ಒಂದು ಶರ್ಟು ಹೊಲಿಸಿ ನೋಡಿ. ಟೈಲರ್ ನಿಮ್ಮ ಮಾತು ಎಷ್ಟು ಕೇಳಿಸಿಕೊಳ್ಳುತ್ತಾರೆ ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಆದರೆ ಎರಡನೆಯ ಪ್ಯಾಂಟಿಗೆ ಬೇಕಾದ ಬಟ್ಟೆಯನ್ನು ಮಾತ್ರ ಆಗಲೇ ಎತ್ತಿಡಿಸಿ. ಕೋಟಿಗಿಂತ ಪ್ಯಾಂಟು ಬೇಗ ಸವೆಯುತ್ತದೆ. ಆರು ತಿಂಗಳ ಮೇಲೆ ಅದೇ ನಂಬರಿನ ಬಟ್ಟೆ ತರಿಸಿದರೂ ಬಣ್ಣದ ಪಾಕ ಬೇರೆಯಾಗಿ ಕೋಟಿಗೂ ಪ್ಯಾಂಟಿಗೂ ಹೊಂದದೆ ಹೋಗಬಹುದು. ಮೊದಲ ಪ್ಯಾಂಟು ಹಾಕಿ ನೋಡಿದ ಮೇಲೆ ಎರಡನೆಯದನ್ನು ಹೊಲಿಯಲಿ.

ಎಷ್ಟು ದಿನ ಹಿಡಿಯುತ್ತದೆ?

ಮದುವೆಯಂಥ ದಿನಕ್ಕೆ ಬೇಕಿದ್ದರೆ ನಾಲ್ಕು ತಿಂಗಳು ಮೊದಲೇ ಶುರು ಮಾಡಿ. ಹೊಲಿಗೆ, ಸಾಗಣೆ, ಕಸ್ಟಮ್ಸ್, ಆಮೇಲೆ ತಿದ್ದುವುದು ಎಲ್ಲ ಅದರೊಳಗೆ ಆಗಬೇಕು. ಮೊದಲ ಬಾರಿ ಹೊಲಿಸುವ ಟೈಲರ್‌ನಿಂದ ಅಂಥ ದಿನದ ಸೂಟು ಹೊಲಿಸದೆ ಇರುವುದೇ ಕ್ಷೇಮ.

ಹಣ ಹೇಗೆ ಕಟ್ಟಬೇಕು?

ಕ್ರೆಡಿಟ್ ಕಾರ್ಡ್‌ನಲ್ಲಿ. ವಸ್ತು ಬರದಿದ್ದರೆ, ಹೇಳಿದ್ದಕ್ಕಿಂತ ಬೇರೆಯದು ಬಂದರೆ ಬ್ಯಾಂಕಿಗೆ ದೂರು ಕೊಡುವ ದಾರಿ ಇರುತ್ತದೆ. ಆದರೆ ದೂರಿಗೆ ದಿನಗಳ ಮಿತಿ ಇದೆ. ಸೂಟು ತಿಂಗಳುಗಟ್ಟಲೆ ಹಿಡಿಯುವ ಕೆಲಸವಾದ್ದರಿಂದ, ಮಿತಿ ಎಷ್ಟು ಅಂತ ನಿಮ್ಮ ಬ್ಯಾಂಕನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ನೇರವಾಗಿ ಕಳಿಸಿದ ಹಣ ಹಿಂದೆ ಬರುವುದು ಕಷ್ಟ. ಪೇಪಾಲ್‌ನಲ್ಲಿ ಸ್ನೇಹಿತರಿಗೆ, ಮನೆಯವರಿಗೆ ಕಳಿಸುವ ಬಗೆಯಲ್ಲಿ ಕಟ್ಟಿ ಅಂದರೆ ಒಪ್ಪಬೇಡಿ, ಅದಕ್ಕೆ ಕೊಳ್ಳುವವರ ರಕ್ಷಣೆ ಇಲ್ಲ. ಅರ್ಧ ಮುಂಗಡ, ಕಳಿಸುವ ಮೊದಲು ಫೋಟೋ ನೋಡಿ ಉಳಿದರ್ಧ ಅನ್ನುವುದು ನ್ಯಾಯವಾದ ಕ್ರಮ.

ಮತ್ತೆ ಹೊಲಿದುಕೊಡುವುದು ಯಾವಾಗ, ಆಲ್ಟ್ರೇಷನ್ ಖರ್ಚು ಯಾರದ್ದು, ವಾಪಸ್ ಕಳಿಸುವ ಸಾಗಣೆ ಯಾರದ್ದು ಅನ್ನುವ ಮೂರನ್ನೂ ಹಣ ಕಟ್ಟುವ ಮೊದಲು ಬರವಣಿಗೆಯಲ್ಲಿ ಪಡೆಯಿರಿ.

ಕಸ್ಟಮ್ಸ್ ಸುಂಕ ಎಷ್ಟು ಬರುತ್ತದೆ?

ಅದು ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತದೆ ಕೂಡ. ನಿಮ್ಮ ದೇಶದ ಕಸ್ಟಮ್ಸ್ ಇಲಾಖೆಯ ಪಟ್ಟಿಯಲ್ಲೇ ನೋಡಿ. ಹುಡುಕಲು ಒಂದು ಕೀಲಿ ಕೊಡುತ್ತೇನೆ. ಹೆಣೆದ ಬಟ್ಟೆಯಲ್ಲದ, ನೇಯ್ದ ಬಟ್ಟೆಯ ಗಂಡಸರ ಸೂಟಿಗೆ ಅಂತಾರಾಷ್ಟ್ರೀಯ ಸರಕು ಸಂಖ್ಯೆ 6203ರಿಂದ ಶುರುವಾಗುತ್ತದೆ, ಹೆಂಗಸರದ್ದಕ್ಕೆ 6204. ಉಣ್ಣೆಯ ಗಂಡಸರ ಸೂಟು 6203.11. ಕೆಲವು ದೇಶಗಳು ಸಾಗಣೆ ಖರ್ಚನ್ನೂ ಸೇರಿಸಿ ಸುಂಕ ಲೆಕ್ಕ ಹಾಕುತ್ತವೆ.

ಉಡುಗೊರೆ ಅಂತ ಬರೆಯುತ್ತೇನೆ, ಬೆಲೆ ಕಡಿಮೆ ತೋರಿಸುತ್ತೇನೆ ಅಂತ ಟೈಲರ್ ಹೇಳಿದರೆ ಬೇಡ ಅನ್ನಿ. ಅದು ಸುಳ್ಳು ಲೆಕ್ಕ, ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು. ಪಾರ್ಸಲ್ ಕಳೆದುಹೋದರೆ ವಿಮೆಯೂ ಆ ಕಡಿಮೆ ಬೆಲೆಗೇ ಸಿಗುತ್ತದೆ. ತಿದ್ದಲು ವಾಪಸ್ ಕಳಿಸುವಾಗ ರಿಪೇರಿಗೆ ಹೋಗುತ್ತಿದೆ ಅಂತ ದಾಖಲೆ ಮಾಡಿಸಿ. ಇಲ್ಲದಿದ್ದರೆ ತಿರುಗಿ ಬಂದಾಗ ಮತ್ತೆ ಪೂರ್ತಿ ಸುಂಕ ಕೇಳಬಹುದು.

ಸೂಟು ಬಂತು. ಮೊದಲು ಏನು ಮಾಡಬೇಕು?

ಹಾಕಿಕೊಳ್ಳಬೇಡಿ. ಅಗಲ ಭುಜದ ಹ್ಯಾಂಗರಿಗೆ ನೇತುಹಾಕಿ, ಒಂದು ರಾತ್ರಿ ಬಿಡಿ. ಪೆಟ್ಟಿಗೆಯ ಸುಕ್ಕನ್ನು ಹೊಲಿಗೆಯ ತಪ್ಪು ಅಂದುಕೊಂಡು ಗಾಬರಿಯಾದವರನ್ನು ನೋಡಿದ್ದೇನೆ.

ಮರುದಿನ ಶರ್ಟು, ಶೂ ಹಾಕಿ ಕನ್ನಡಿ ಮುಂದೆ ನಿಲ್ಲಿ. ಮೊದಲು ಕತ್ತು ನೋಡಿ. ಕೋಟಿನ ಕಾಲರ್ ಶರ್ಟಿನ ಕಾಲರಿಗೆ ತಾಗಿಕೊಂಡಿರಬೇಕು, ನಡುವೆ ಬೆರಳು ಹೋಗುವ ಸಂದು ಇರಬಾರದು. ಕಾಲರಿನ ಕೆಳಗೆ ಬೆನ್ನ ಮೇಲೆ ಅಡ್ಡ ಮಡಿಕೆ ಬಿದ್ದರೆ ನಿಮ್ಮ ಭುಜ ಅವರು ಅಂದುಕೊಂಡಷ್ಟು ಇಳಿದಿಲ್ಲ ಅಂತ ಅರ್ಥ. ಗುಂಡಿ ಹಾಕಿದಾಗ ಅಲ್ಲಿಂದ ನಾಲ್ಕು ಕಡೆಗೆ ಗೆರೆ ಎಳೆದಂತೆ ಸುಕ್ಕು ಹರಡಿದರೆ ಸೊಂಟ ಟೈಟ್. ಹಿಂದಿನ ಸೀಳು ನೇರ ಬೀಳದೆ ಬಾಯಿ ಬಿಟ್ಟರೆ ಸೀಟಿನ ಹತ್ತಿರ ಜಾಗ ಸಾಲದು. ಕೈ ಸುಮ್ನೆ ಇಳಿಬಿಟ್ಟಾಗಲೂ ತೋಳಿನ ಹಿಂಭಾಗದಲ್ಲಿ ಓರೆ ಮಡಿಕೆಗಳಿದ್ದರೆ ತೋಳು ಕೂರಿಸಿದ ಕೋನ ನಿಮ್ಮ ಕೈಗೆ ಹೊಂದಿಲ್ಲ. ಆಮೇಲೆ ಕೂತು ನೋಡಿ, ಕೈ ಮುಂದೆ ಚಾಚಿ ನೋಡಿ, ಮೆಟ್ಟಿಲು ಹತ್ತಿ ನೋಡಿ.

ಯಾವುದನ್ನು ತಿದ್ದಬಹುದು, ಯಾವುದನ್ನು ಆಗುವುದಿಲ್ಲ?

ಸೊಂಟ, ತೋಳಿನ ಉದ್ದ, ಪ್ಯಾಂಟಿನ ಉದ್ದ, ಬಾಟಮ್ ಇವೆಲ್ಲ ಸುಲಭ. ಕಾಲರ್ ಬಿಚ್ಚಿ ಕೂರಿಸುವುದು, ತೋಳಿನ ಕೋನ ತಿರುಗಿಸುವುದು ಕೋಟು ಬಲ್ಲ ಕೈಗೆ ಮಾತ್ರ ಸಾಧ್ಯ. ಭುಜದ ಅಗಲ, ಕೆಳಗೆ ಕತ್ತರಿಸಿಬಿಟ್ಟ ಕಂಕುಳು, ಮುಂದೆ ಹಿಂದೆ ಉದ್ದಗಳ ಹೊಂದಾಣಿಕೆ, ಎದೆ ಟೈಟ್ ಆಗಿರುವುದು ಇವು ಆಗುವುದಿಲ್ಲ. ಕೋಟನ್ನು ತುಂಬಾ ಗಿಡ್ಡ ಮಾಡಿದರೆ ಜೇಬು ಅಂಚಿಗೆ ಬಂದು ಅಂದ ಕೆಡುತ್ತದೆ. ಆಗದ ಪಟ್ಟಿಯ ತಪ್ಪು ಬಂದಿದ್ದರೆ ಆಲ್ಟ್ರೇಷನ್‌ಗೆ ಒಪ್ಪಬೇಡಿ, ಮತ್ತೆ ಹೊಲಿದುಕೊಡಲು ಕೇಳಿ.

ಸರಿ ಬಂದಿಲ್ಲ ಅಂತ ಟೈಲರ್‌ಗೆ ಹೇಗೆ ಹೇಳುವುದು?

ಅದೇ ಜಾಗದಲ್ಲಿ, ಅದೇ ದೂರದಿಂದ, ಮೊದಲು ತೆಗೆದ ಹಾಗೆಯೇ ಫೋಟೋ ತೆಗೆದು ಕಳಿಸಿ. 'ಚೆನ್ನಾಗಿಲ್ಲ' ಅನ್ನಬೇಡಿ. 'ಬಲಗಡೆ ಕಾಲರ್ 2 ಸೆಂಟಿಮೀಟರ್ ಎದ್ದಿದೆ' ಅನ್ನಿ. ಫೋಟೋ ಕಳಿಸುವವರೆಗೆ ಹತ್ತಿರದ ಟೈಲರ್ ಕೈಗೆ ಕೊಡಬೇಡಿ. ಒಂದು ಹೊಲಿಗೆ ಬಿಚ್ಚಿದರೂ ತಪ್ಪು ಯಾರದ್ದು ಅನ್ನುವ ವಾದ ಶುರುವಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಮರ್ಯಾದೆಯಿಂದ ಬರೆಯಿರಿ. ಆ ಕಡೆಯೂ ಗಂಟೆಗಟ್ಟಲೆ ಬಗ್ಗಿ ಕೂತು ಹೊಲಿದವರಿದ್ದಾರೆ.

ಹೆಂಗಸರೂ ಹೀಗೆ ಹೊಲಿಸಬಹುದಾ?

ಖಂಡಿತ. ಆದರೆ ಹೆಂಗಸರ ಕೋಟು ಕತ್ತರಿಸುವ ಅನುಭವ ಇದೆಯಾ ಅಂತ ಕೇಳಿ, ಹಿಂದೆ ಹೊಲಿದದ್ದರ ಫೋಟೋ ನೋಡಿ. ಗಂಡಸರ ಪ್ಯಾಟರ್ನನ್ನೇ ಸೊಂಟದಲ್ಲಿ ಹಿಡಿದು ಕೊಡುವವರು ಬಹಳ ಜನ. ಎದೆಯ ಮೇಲೆ, ಎದೆಯ ಕೆಳಗೆ, ಭುಜದಿಂದ ಎದೆಯ ತುದಿಯವರೆಗೆ, ಎರಡು ತುದಿಗಳ ನಡುವೆ, ಇಷ್ಟು ಅಳತೆ ಕೇಳದ ಟೈಲರ್ ಆದರೆ ಬೇರೆಯವರನ್ನು ಹುಡುಕಿ. ಅಳೆಯುವಾಗಲೂ ಸೂಟಿನೊಳಗೆ ಹಾಕುವ ಒಳಉಡುಪನ್ನೇ ಹಾಕಿರಿ.

ಎರಡನೆಯ ಸೂಟಿಗೆ ಮತ್ತೆ ಇಷ್ಟೆಲ್ಲ ಮಾಡಬೇಕಾ?

ಬೇಕಿಲ್ಲ. ಮೊದಲ ಸೂಟಿಗೆ ಹತ್ತಿರದಲ್ಲಿ ಮಾಡಿಸಿದ ಪ್ರತಿ ಆಲ್ಟ್ರೇಷನ್ನನ್ನೂ ಬರೆದಿಟ್ಟುಕೊಳ್ಳಿ: ಎಡತೋಳು 1 ಸೆಂಟಿಮೀಟರ್ ಗಿಡ್ಡ, ಸೊಂಟ 2 ಸೆಂಟಿಮೀಟರ್ ಒಳಗೆ, ಹೀಗೆ. ಅದನ್ನು ಟೈಲರ್‌ಗೆ ಕಳಿಸಿ, ಪ್ಯಾಟರ್ನಿನಲ್ಲೇ ತಿದ್ದಲು ಹೇಳಿ, ತಿದ್ದಿದ ಮೇಲೆ ಹೊಸ ಅಂಕಿಗಳನ್ನು ಅವರಿಂದ ತರಿಸಿಕೊಂಡು ನಿಮ್ಮ ಪಟ್ಟಿಯ ಜೊತೆ ಹೋಲಿಸಿ. ಮೈ ತೂಕ ಮೂರು ನಾಲ್ಕು ಕಿಲೋ ಹೆಚ್ಚುಕಡಿಮೆಯಾಗಿದ್ದರೆ ಎದೆ, ಸೊಂಟ, ಸೀಟು ಮಾತ್ರ ಹೊಸದಾಗಿ ಅಳೆದರೆ ಸಾಕು. ನನ್ನ ಮೂರನೆಯ ಸೂಟಿಗೆ ನಾನು ಕಳಿಸಿದ್ದು ಐದು ಸಾಲಿನ ಒಂದು ಪತ್ರ ಅಷ್ಟೇ. ಪೆಟ್ಟಿಗೆ ಬಂದ ದಿನ ಕೋಟು ಹಾಕಿದಾಗ ಕಾಲರ್ ಕತ್ತಿಗೆ ತಾನಾಗಿ ಕೂತಿತು. ಅದರಲ್ಲಿ ತಿದ್ದಿಸಿದ್ದು ತೋಳಿನ ತುದಿಯೊಂದೇ.